ಗೋಡೆಯಾಚೆಯ ಮಕ್ಕಳು

ಸರ್ವೆಯವರು ಬಿಳಿ ಬಣ್ಣ ಬಳಿದ ಕಲ್ಲನ್ನು ಸಮಾಧಿ ತೋಟದ ಗೋಡೆಯ ಬುಡಕ್ಕೇ ತಂದು ನೆಟ್ಟು ಹೋದ ದಿನ ರಾಯಪ್ಪನಪಾಳ್ಯದ ಜನ ದೇವರಿಗೆ ಸ್ತೋತ್ರ ಹೇಳಿದರು. ಹೆಬ್ಬಗೋಡಿಯಿಂದ ಎರಡು ಮೈಲಿ ಒಳಗಿದ್ದ ಈ ಊರಿನ ಸುತ್ತ ಆ ವರ್ಷ, ಅಂದರೆ ಎಪ್ಪತ್ತೊಂಬತ್ತರಲ್ಲಿ, ಕಾರ್ಖಾನೆಗಳಿಗೆಂದು ಜಮೀನು ಹಿಡಿಯತೊಡಗಿದ್ದರು. ಯಾರ ಮನೆಗೆ ಯಾವತ್ತು ನೋಟೀಸು ಬರುತ್ತದೋ ತಿಳಿಯದೆ ಊರಿಗೆ ಊರೇ ಜೀವ ಕೈಯಲ್ಲಿ ಹಿಡಿದುಕೊಂಡು ಕೂತಿತ್ತು. ಲಕ್ಷ್ಮಯ್ಯನ ರಾಗಿ ಹೊಲ ಹೋಯಿತು. ಚಿಕ್ಕಬೈರಪ್ಪನ ಬಾವಿ ಹೋಯಿತು. ಸದ್ಯ, ಸತ್ತವರನ್ನಾದರೂ ಬಿಟ್ಟರಲ್ಲ ಅಂತ ಜನಕ್ಕೆ ಸಮಾಧಾನ. ಗೋಡೆಯೊಳಗೆ ಒಂದು ಅಂಗುಲವನ್ನೂ ಮುಟ್ಟಿರಲಿಲ್ಲ. ಹೊಸ ರಸ್ತೆ ಬರುವುದು ಗೋಡೆಯ ಆಚೆ.

ಆಚೆ ಏನಿದೆ ಅಂತ ಯಾರೂ ಕೇಳಲಿಲ್ಲ. ಸರ್ವೆಯವರ ಕಾಗದದಲ್ಲಿ ಅದು ಗೋಮಾಳ. ಊರಿನ ಗಂಡಸರ ಬಾಯಲ್ಲಿ ಬರೀ ಬಯಲು. ಸೂಲಗಿತ್ತಿ ಚೌರಮ್ಮನಿಗೆ ಮಾತ್ರ ಅಲ್ಲಿ ಹನ್ನೆರಡು ಮಕ್ಕಳಿದ್ದರು, ಅದರಲ್ಲಿ ಒಂದು ಅವಳದೇ.

ಚೌರಮ್ಮನಿಗೆ ಐವತ್ತೆಂಟು ವರ್ಷ. ಊರಿನ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು. ಈಗ ಎದುರಿಗೆ ನಿಂತು ವಾದ ಮಾಡುವ ಮೀಸೆಯ ಗಂಡಸರನ್ನೆಲ್ಲ ಅವಳು ಕಾಲು ಹಿಡಿದು ತಲೆಕೆಳಗೆ ಮಾಡಿ ಬೆನ್ನಿಗೆ ತಟ್ಟಿದವಳು, ಆದ್ದರಿಂದ ಅವಳಿಗೆ ಯಾರ ಹೆದರಿಕೆಯೂ ಇರಲಿಲ್ಲ. ಆ ಕಾಲದಲ್ಲಿ ಕ್ರೈಸ್ತರ ಊರಿನ ಸೂಲಗಿತ್ತಿಗೆ ಹೆರಿಗೆ ಬಂದರೆ ಸಾಲದು, ಜ್ಞಾನಸ್ನಾನ ಕೊಡುವುದೂ ಬರಬೇಕಿತ್ತು. ಹುಟ್ಟಿದ ಮಗು ಉಳಿಯುವುದಿಲ್ಲ ಅನ್ನಿಸಿದರೆ ಚರ್ಚಿನ ಸ್ವಾಮಿಯವರನ್ನು ಕರೆತರುವಷ್ಟು ಹೊತ್ತು ಎಲ್ಲಿರುತ್ತದೆ? ಸೂಲಗಿತ್ತಿಯೇ ನೆತ್ತಿಯ ಮೇಲೆ ಮೂರು ಸಲ ನೀರು ಹೊಯ್ದು ಮಂತ್ರ ಹೇಳಬೇಕು, ಒಂದು ಹೆಸರಿಡಬೇಕು. ಪರದೇಶದಿಂದ ಬಂದಿದ್ದ ಹಳೇ ಸ್ವಾಮಿ ಹೆಂಗಸರನ್ನು ಚರ್ಚಿನ ಮೆಟ್ಟಿಲ ಮೇಲೆ ಕೂರಿಸಿ ಒಂದು ತೆಂಗಿನಕಾಯಿ ಕೊಟ್ಟು ಇದನ್ನು ಕಲಿಸಿದ್ದರು. ಆ ತೆಂಗಿನಕಾಯಿಗೆ ಎಷ್ಟು ಸಲ ಜ್ಞಾನಸ್ನಾನವಾಯಿತೋ, ಸ್ವರ್ಗಕ್ಕೆ ಯಾರಾದರೂ ನೇರ ಹೋಗಿದ್ದರೆ ಅದೇ ಹೋಗಿರಬೇಕು.

ನೀರು ಬೀಳುವ ಮೊದಲೇ ಉಸಿರು ಹೋದರೆ ಆ ಮಗುವಿಗೆ ಹೆಸರಿಲ್ಲ, ಗಂಟೆಯಿಲ್ಲ, ಗೋಡೆಯೊಳಗೆ ಜಾಗವಿಲ್ಲ. ನರಕಕ್ಕೂ ಹೋಗುವುದಿಲ್ಲ, ಸ್ವರ್ಗಕ್ಕೂ ಹೋಗುವುದಿಲ್ಲ. ಕತ್ತಲೂ ಅಲ್ಲದ ಬೆಳಕೂ ಅಲ್ಲದ ಒಂದು ಕಡೆ ಇರುತ್ತದೆ ಅಂತ ಹೇಳುತ್ತಿದ್ದರು. ಅಪ್ಪನೋ ಚಿಕ್ಕಪ್ಪನೋ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಒಯ್ದು, ಗೋಡೆಯಾಚೆ ಹೂತು, ನಾಯಿ ಕೆದಕದಂತೆ ಮೇಲೊಂದು ಚಪ್ಪಡಿ ಎಳೆದು ಬರುತ್ತಿದ್ದರು. ಉಸಿರಿತ್ತೋ ಇಲ್ಲವೋ ಅನ್ನುವುದಕ್ಕೆ ಸೂಲಗಿತ್ತಿಯ ಮಾತೇ ಕೊನೆ.

ಚೌರಮ್ಮನಿಗೆ ಇಪ್ಪತ್ತು ತುಂಬಿದ ವರ್ಷ ಅವಳ ಚೊಚ್ಚಲು ಗಂಡು ಮಗು ಹೀಗೇ ಹೋಯಿತು. ಆಗ ಊರಿನ ಸೂಲಗಿತ್ತಿ ಅವಳ ಅತ್ತೆ ಅಂತೋಣಮ್ಮ. ಮಗು ನೀಲಿಗಟ್ಟಿದಾಗ ಅತ್ತೆ ಮಡಕೆಗೆ ಕೈ ಹಾಕಿದಳು, ಮಡಕೆ ಬರಿದಾಗಿತ್ತು. ನೋವು ಬರುವ ಮೊದಲು ನೆಲ ಸಾರಿಸಲು ಅದನ್ನು ಖಾಲಿ ಮಾಡಿದವಳು ಚೌರಮ್ಮನೇ. ಅತ್ತೆ ಬಾವಿಗೆ ಓಡಿ ನೀರು ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಳೇ ಸ್ವಾಮಿ ಬಾಗಿಲಲ್ಲಿ ನಿಂತು ಕೇಳಿದಾಗ ಅಂತೋಣಮ್ಮ ಕಣ್ಣೊರೆಸಿಕೊಂಡು, "ಇಲ್ಲ ಸ್ವಾಮಿ, ನೀರು ತರೋ ಒತ್ಗೆ ಉಸ್ರಿರ್ಲಿಲ್ಲ," ಅಂದಳು. ಸ್ವಂತ ಮೊಮ್ಮಗನಿಗಾಗಿಯೂ ಸುಳ್ಳು ಹೇಳಲಿಲ್ಲ. ಒಂದು ತಿಂಗಳಾದ ಮೇಲೆ ಗಂಡ ಚಿನ್ನಪ್ಪ ಜಗಲಿಯಲ್ಲಿ ಕೂತು, "ನಾನು ಮನಸ್ನಲ್ಲೇ ಅವನಿಗೊಂದು ಎಸ್ರು..." ಅಂತ ಬಾಯಿ ತೆಗೆದಿದ್ದ. ಚೌರಮ್ಮ ಅವನ ಬಾಯಿಗೆ ಕೈ ಅಡ್ಡ ಹಿಡಿದಳು. ಜ್ಞಾನಸ್ನಾನ ಇಲ್ಲದ ಮಗುವಿಗೆ ಹೆಸರಿಡುವುದು ಪಾಪ ಅಂತ ಅತ್ತೆ ಹೇಳಿದ್ದಳು. ಚಿನ್ನಪ್ಪ ಮತ್ತೆ ಆ ಮಾತು ಎತ್ತಲಿಲ್ಲ. ಅವಳ ಹೊಟ್ಟೆಯಲ್ಲಿ ಇನ್ನೊಂದು ನಿಲ್ಲಲೂ ಇಲ್ಲ.

ಅತ್ತೆಯ ನಂತರ ಅವಳೇ ಸೂಲಗಿತ್ತಿಯಾದಳು. ಯಾರ ಮನೆಗೆ ಹೋದರೂ ಮೊದಲು ಚೊಂಬಿನ ತುಂಬ ನೀರು ತುಂಬಿ, ತಟ್ಟೆ ಮುಚ್ಚಿ, ಬಲಗೈಗೆ ಸಿಗುವಂತೆ ಇಟ್ಟುಕೊಳ್ಳುತ್ತಿದ್ದಳು. ಆ ಚೊಂಬಿನಿಂದ ಎಷ್ಟೋ ಮಕ್ಕಳು ಗೋಡೆಯೊಳಗೆ ಹೋದವು. ಹನ್ನೊಂದು ಹೋಗಲಿಲ್ಲ. ಹನ್ನೊಂದು ಸಲ ಅವಳು ಸ್ವಾಮಿಯವರ ಮುಖ ನೋಡಿ ನಿಜ ಹೇಳಿದ್ದಳು. ಚೌರಮ್ಮ ಸುಳ್ಳಾಡುವವಳಲ್ಲ ಅಂತ ಊರು ಅವಳನ್ನು ಹೊಗಳುತ್ತಿತ್ತು. ಅದು ಅವಳಿಗೂ ಹೆಮ್ಮೆಯ ವಿಷಯವೇ ಆಗಿತ್ತು. ದೇವರಿಗೆ ನಮ್ಮ ಮೇಲೆ ಪ್ರೀತಿಯಿದೆ ಅನ್ನುವುದರಲ್ಲಿ ಅವಳಿಗೆ ಯಾವತ್ತೂ ಅನುಮಾನ ಬಂದದ್ದಿಲ್ಲ. ಆ ಪ್ರೀತಿಗೊಂದು ಬಾಗಿಲಿದೆ, ಬಾಗಿಲಲ್ಲಿ ಒಂದು ಚೊಂಬು ನೀರಿದೆ, ಅದನ್ನು ಕಾಯಲು ತನ್ನನ್ನು ಕೂರಿಸಿದ್ದಾರೆ, ಅಷ್ಟೇ.

ಈಗ ಆ ಹನ್ನೆರಡು ಚಪ್ಪಡಿಗಳ ಮೇಲೆ ಬುಲ್ಡೋಜರ್ ಬರುವುದಿತ್ತು. ಬುಧವಾರ ಕೆಲಸ ಶುರು ಅಂತ ಹೇಳಿ ಹೋಗಿದ್ದರು. ಮಗನ ಎಲುಬನ್ನಾದರೂ ಆ ಮಷೀನಿನ ಬಾಯಿಂದ ತಪ್ಪಿಸಬೇಕು, ಅದಕ್ಕೂ ಮುಂಚೆ ಎಲ್ಲಾದರೂ ಒಂದು ಮೊಳ ನೆಲ ಸಿಗಬೇಕು. ಚೌರಮ್ಮನಿಗೆ ಊಟ ಸೇರದಂತಾದದ್ದು ಅದಕ್ಕೆ.

ಆ ಭಾನುವಾರ ಪೂಜೆಗೆ ಊರೆಲ್ಲ ಬಂದಿತ್ತು. ಭಯ ಇದ್ದಾಗ ಚರ್ಚು ತುಂಬುತ್ತದೆ, ಅದರಲ್ಲಿ ಹೊಸದೇನಿಲ್ಲ. ಸ್ವಾಮಿ ಇನ್ನಾಸಪ್ಪನವರು ಊರಿಗೆ ಬಂದು ಆರು ತಿಂಗಳಾಗಿತ್ತು. ಮೈಸೂರು ಕಡೆಯವರು, ಇನ್ನೂ ಎಳೇ ವಯಸ್ಸು, ಪ್ರಸಂಗದ ಮಧ್ಯೆ ತಾವೇ ಕಣ್ಣು ಒದ್ದೆ ಮಾಡಿಕೊಳ್ಳುವಷ್ಟು ಒಳ್ಳೆಯ ಮನಸ್ಸು. ಹೆದರಬೇಡಿ ಅಂತ ಶುರು ಮಾಡಿದರು. ನಿಮ್ಮ ಹೊಲಕ್ಕೆ ನೋಟೀಸು ಬರಬಹುದು, ದೇವರ ಪ್ರೀತಿಗೆ ಯಾರೂ ನೋಟೀಸು ಕೊಡುವ ಹಾಗಿಲ್ಲ ಅಂದರು. ಅಲ್ಲಿ ಯಾವ ಸರ್ವೆ ಕಲ್ಲೂ ಇಲ್ಲ, ಒಳಗೆ ಹೊರಗೆ ಅನ್ನುವುದೂ ಇಲ್ಲ ಅಂದರು. ಜನ ಸೆರಗಿನಿಂದ, ಟವೆಲಿನಿಂದ ಕಣ್ಣೊರೆಸಿಕೊಂಡರು. ಚೌರಮ್ಮ ಜಪಸರ ಎಣಿಸುವುದನ್ನು ನಿಲ್ಲಿಸಿ ಸ್ವಾಮಿಯವರ ಬಾಯನ್ನೇ ನೋಡಿದಳು.

ಪೂಜೆ ಮುಗಿದು ಎಲ್ಲರೂ ಹೋದ ಮೇಲೆ ಅವಳು ಸ್ವಾಮಿಯವರ ಮನೆಯ ಬಾಗಿಲಿಗೆ ಹೋದಳು.

"ಸ್ತೋತ್ರ ಸ್ವಾಮಿ. ಗೋಡೆಯಾಚೆ ಇರೋ ಮಕ್ಕಳ ವಿಸ್ಯ."

ಸ್ವಾಮಿಯವರಿಗೆ ಅದೆಲ್ಲ ಗೊತ್ತಿರಲಿಲ್ಲ. ಅವಳು ನಿಂತುಕೊಂಡೇ ಹೇಳಿದಳು, ಅವರು ಕೂತಿದ್ದವರು ಎದ್ದು ನಿಂತು ಕೇಳಿದರು. ಕೇಳಿ ಮುಗಿಸಿದಾಗ ಅವರ ಮುಖ ಕೆಂಪಾಗಿತ್ತು.

"ಅಮ್ಮಾ, ಎಲ್ಲರನ್ನೂ ಒಳಗೆ ತರೋಣ. ಮಂಗಳವಾರವೇ. ನಾನು ನಾಳೆ ಬೆಂಗಳೂರಿಗೆ ಹೋಗಿ ಬಿಷಪ್ಪರ ಒಪ್ಪಿಗೆ ತರ್ತೀನಿ, ಅವರು ಇಲ್ಲ ಅನ್ನಲ್ಲ. ಪ್ರಾರ್ಥನೆ ಮಾಡಿ, ಎಲ್ಲರ ಹಾಗೇ ಮಣ್ಣು ಮಾಡೋಣ."

"ಜ್ಞಾನಸ್ನಾನ ಆಗಿಲ್ವಲ್ಲ ಸ್ವಾಮಿ."

"ಆಗದಿದ್ರೆ ಏನಾಯ್ತು? ದೇವರು ಆ ಹಸುಗೂಸುಗಳನ್ನ ಆಚೆ ನಿಲ್ಲಿಸ್ತಾನಾ? ನೀವೇ ಯೋಚನೆ ಮಾಡಿ."

"ಇದು ಯಾವಾಗಿಂದ ಸ್ವಾಮಿ?"

"ಯಾವುದು?"

"ಈ ಗೋಡೆ ಇಲ್ದಂಗಾಗಿರೋದು."

ಸ್ವಾಮಿ ಇನ್ನಾಸಪ್ಪನವರು ನಕ್ಕರು. ಹಸಿದವರ ಕೈಗೆ ಅನ್ನದ ತಟ್ಟೆ ಕೊಡುವಾಗ ಬರುವ ನಗು ಅದು. "ಯಾವತ್ತೂ ಇರಲೇ ಇಲ್ಲ ಅಮ್ಮಾ. ದೇವರ ಕಡೆಯಿಂದ ಯಾವತ್ತೂ ಇರಲಿಲ್ಲ. ನಾವೇ ಹೆದರಿಕೊಂಡು ಕಟ್ಟಿದ್ದು."

ಅವರು ಒಳ್ಳೆಯ ಸುದ್ದಿ ಹೇಳಿದೆ ಅಂದುಕೊಂಡರು. ಅದು ಒಳ್ಳೆಯ ಸುದ್ದಿಯೇ. ಚೌರಮ್ಮ ಸ್ತೋತ್ರ ಹೇಳಿ ಮೆಟ್ಟಿಲಿಳಿದಳು, ಆಮೇಲೆ ಚರ್ಚಿನ ಹುಣಸೆ ಮರದ ಕೆಳಗೆ ಕೂತುಬಿಟ್ಟಳು. ಇರಲೇ ಇಲ್ಲದ ಗೋಡೆ. ಹಾಗಾದರೆ ಇಷ್ಟು ವರ್ಷ ಅವಳು ಕಾದದ್ದು ಯಾವ ಬಾಗಿಲನ್ನು? ದೇವರು ಕೈ ಚಾಚಿಕೊಂಡೇ ನಿಂತಿದ್ದ, ಮಧ್ಯೆ ಚೊಂಬು ಹಿಡಿದು ಇಲ್ಲ ಇಲ್ಲ ಅಂದವಳು ತಾನು. ದೇವರು ಕಠಿಣ ಅಂತ ನಂಬಿ ಬದುಕುವುದು ಅವಳಿಗೆ ಅಭ್ಯಾಸವಾಗಿ ಹೋಗಿತ್ತು. ಅವನು ಯಾವತ್ತೂ ಕಠಿಣವಾಗಿರಲೇ ಇಲ್ಲ ಅನ್ನುವುದನ್ನು ತಡೆದುಕೊಳ್ಳಲು ಅವಳ ಕೈಲಾಗಲಿಲ್ಲ.

ಹನ್ನೊಂದರಲ್ಲಿ ಹತ್ತು ಸಲವಾದರೂ ಅವಳು ಹೇಳಿದ್ದು ನಿಜ. ಹನ್ನೊಂದನೆಯದು ಪಕ್ಕದ ಮನೆ ಮರಿಯಮ್ಮನದು.

ಅದಾಗಿ ಇಪ್ಪತ್ತನಾಲ್ಕು ವರ್ಷ. ಮಟಮಟ ಮಧ್ಯಾಹ್ನ, ಹೆಣ್ಣು ಮಗು. ಮರಿಯಮ್ಮ ಮೊಣಕೈ ಊರಿ ಎದ್ದು, "ಎದೆ ಆಡ್ತು ಚೌರಕ್ಕ, ನೋಡು, ಆಡ್ತು," ಅಂದಳು. ಚೌರಮ್ಮನೂ ನೋಡಿದ್ದಳು. ಆಡಿತೋ ಇಲ್ಲವೋ, ಆಣೆ ಇಟ್ಟು ಹೇಳಲಾರಳು. ಅನುಮಾನ ಇದ್ದರೆ 'ಜೀವ ಇದ್ದರೆ' ಅಂತ ಸೇರಿಸಿ ನೀರು ಹೊಯ್ಯಬೇಕು ಅನ್ನುವುದನ್ನೂ ಹಳೇ ಸ್ವಾಮಿ ಆ ತೆಂಗಿನಕಾಯಿಯ ಮೇಲೆಯೇ ಕಲಿಸಿದ್ದರು. ಚೊಂಬು ಬಲಗೈ ಪಕ್ಕದಲ್ಲೇ ಇತ್ತು, ತುಂಬಿತ್ತು. ಅವಳ ಕೈ ಅದರ ತಟ್ಟೆಯ ತನಕ ಹೋಯಿತು. ಆಗ ಅವಳಿಗೆ ಬರಿದಾದ ಮಡಕೆ ಕಣ್ಣಿಗೆ ಬಂತು, ಬಾವಿಗೆ ಓಡಿದ ಅತ್ತೆ ಕಣ್ಣಿಗೆ ಬಂದಳು. ನನ್ನ ಮಗನಿಗೆ ಸಿಗದ್ದು ಇವಳ ಮಗಳಿಗೆ ಯಾಕೆ ಸಿಗಬೇಕು? ಹೀಗಂತ ಅವಳು ಮಾತಿನಲ್ಲಿ ಅಂದುಕೊಂಡಿರಲಿಲ್ಲ. ಕೈ ಮಾತ್ರ ನಿಂತಿತ್ತು, ಒಂದು ಉಸಿರಿನಷ್ಟು ಹೊತ್ತು. ಆಮೇಲೆ, "ಇಲ್ಲ ಮರಿಯ, ಉಸ್ರಿಲ್ಲ," ಅಂದಿದ್ದಳು.

ಮರಿಯಮ್ಮನ ಮುಂದಿನ ಎರಡು ಹೆರಿಗೆಗೂ ಅವಳೇ ಹೋಗಬೇಕಾಯಿತು, ಬೇರೆ ಯಾರಿದ್ದರು? ಮರಿಯಮ್ಮ ಎರಡು ಸಲವೂ ಬಾಯಿ ಬಿಡಲಿಲ್ಲ, ನೋವಿಗೂ ಕೂಗಲಿಲ್ಲ.

ಸೋಮವಾರ ಬೆಳಿಗ್ಗೆ ಚೌರಮ್ಮ ಪಕ್ಕದ ಮನೆಗೆ ಹೋದಳು. ಮರಿಯಮ್ಮ ಅಂಗಳದಲ್ಲಿ ಕೂತು ಮೊರದಲ್ಲಿ ರಾಗಿ ಕೇರುತ್ತಿದ್ದಳು. ಮಕ್ಕಳನ್ನು ಒಳಗೆ ತರುವ ಸುದ್ದಿ ಆಗಲೇ ಊರೆಲ್ಲ ಹರಡಿತ್ತು.

"ಮರಿಯ, ನಿಂಗೊಂದು ಮಾತು ಯೋಳ್ಬೇಕು."

"ಯೋಳಕ್ಕ."

"ಅವತ್ತು ನಾನು ನೀರು ಆಕ್ಬೋದಿತ್ತು."

ಮೊರ ನಿಲ್ಲಲಿಲ್ಲ. ಹೊಟ್ಟು ಹಾರಿತು, ಕಾಳು ಉಳಿಯಿತು. "ಗೊತ್ತು," ಅಂದಳು ಮರಿಯಮ್ಮ.

"ಎದೆ ಆಡ್ತೋ ಇಲ್ವೋ ನಂಗೆ ಗೊತ್ತಾಗ್ಲಿಲ್ಲ. ಆದ್ರೂ ಆಕ್ಬೇಕಿತ್ತು. ನಾನೇ ಕೈ ತಡ್ದೆ."

"ನಿನ್ ಕೈನೇ ನೋಡ್ತಿದ್ದೆ ಚೌರಕ್ಕ. ತಟ್ಟೆ ತಂಕ ಓಯ್ತು, ನಿಂತ್ಕಂತು. ನಾನು ನೋಡ್ದೆ." ಮರಿಯಮ್ಮ ಮೊರ ಕೆಳಗಿಟ್ಟು ಒಂದು ಕಲ್ಲು ಆರಿಸಿ ಎಸೆದಳು. "ಮೊದ್ಲೆಲ್ಲ ನೀನು ಬಂದು ಯೋಳ್ತೀಯ ಅಂತ ಕಾಯ್ತಿದ್ದೆ. ಪ್ರತಿ ಪಾಸ್ಕ ಅಬ್ಬದ ಮುಂಚೆ ನೀನು ಪಾಪನಿವೇದನೆಗೆ ಓಗ್ತಿದ್ದೆಲ್ಲ, ಅಲ್ಲಿಂದ ಸೀದಾ ಬರ್ತೀಯ ಅಂತ ಬಾಗ್ಲಲ್ಲಿ ಕೂತಿರ್ತಿದ್ದೆ. ಆಮೇಲೆ ಬಿಟ್ಬಿಟ್ಟೆ."

"ಬೈಯಾದ್ರೂ ಬೈಯ್ಯಿ."

"ಏನಂತ ಬೈಲಿ? ನಿನ್ ಮಗೂನೂ ಅಲ್ಲೇ ಐತೆ." ಮರಿಯಮ್ಮ ಮತ್ತೆ ಮೊರ ಎತ್ತಿಕೊಂಡಳು. "ನಾಳೆ ಎಷ್ಟೊತ್ತಿಗೆ ಅಂದ್ರು?"

ಮರಿಯಮ್ಮ ಕಿರುಚಾಡುತ್ತಾಳೆ, ಮುಖಕ್ಕೆ ಉಗಿಯುತ್ತಾಳೆ, ಬೇಕಾದರೆ ಕೂದಲು ಹಿಡಿದು ಜಗ್ಗುತ್ತಾಳೆ ಅಂತ ಚೌರಮ್ಮ ತಯಾರಾಗಿ ಹೋಗಿದ್ದಳು. ಅದ್ಯಾವುದೂ ಸಿಗದೆ ಬರಿಗೈಯಲ್ಲಿ ಮನೆಗೆ ಬಂದಳು. ಆ ದಿನವೆಲ್ಲ ಜಪಸರ ಹಿಡಿದು ಕೂತರೂ ನಾಲಗೆ ಏಳಲಿಲ್ಲ. ದೇವರೇ ಅಂತ ಕರೆದರೆ ಅವನು ಓ ಅಂದುಬಿಟ್ಟರೆ ಏನು ಹೇಳುವುದು ಅನ್ನುವ ಭಯ ಅವಳಿಗೆ.

ಮಂಗಳವಾರ ಬೆಳಿಗ್ಗೆ ಬಿಸಿಲು ಏರುವ ಮೊದಲೇ ಗುದ್ದಲಿ ಹಿಡಿದು ಗೋಡೆಯಾಚೆ ನಿಂತವನು ಮರಿಯಮ್ಮನ ಗಂಡ ಪಾಪಯ್ಯ. ಬುಲ್ಡೋಜರನ್ನು ಒಂದು ದಿನ ಮುಂಚೆಯೇ ತಂದು ಹೊಲದಂಚಿಗೆ ನಿಲ್ಲಿಸಿದ್ದರು. ಅದರ ಡ್ರೈವರು ಕೃಷ್ಣಪ್ಪ ಜಿಗಣಿ ಕಡೆಯವನು. ವಿಷಯ ಕೇಳಿ ಬೀಡಿ ಆರಿಸಿ, ಚಪ್ಪಲಿ ಬಿಟ್ಟು ದೂರ ನಿಂತುಕೊಂಡ. ಸ್ವಾಮಿಯವರು ಒಪ್ಪಿಗೆಯ ಕಾಗದ ತಂದಿದ್ದರು. ತಾಯಂದಿರು ಬಂದರು, ಸತ್ತುಹೋದ ತಾಯಂದಿರ ಬದಲಿಗೆ ಅಕ್ಕತಂಗಿಯರು ಬಂದರು. ಪ್ರತಿಯೊಬ್ಬಳೂ ತನ್ನ ಚಪ್ಪಡಿ ಯಾವುದು ಅಂತ ಒಂದಿಷ್ಟೂ ತಡವರಿಸದೆ ತೋರಿಸಿದಳು. ಬಯಲು ಅನ್ನುತ್ತಿದ್ದ ಗಂಡಸರು ತಲೆ ತಗ್ಗಿಸಿದರು.

ಪಾಪಯ್ಯ ಅಗೆದ. ಅಲ್ಲಿ ಏನೂ ಇರಲಿಲ್ಲ. ಅಷ್ಟು ಎಳೆಯ ಎಲುಬು ಕೆಮ್ಮಣ್ಣಿನಲ್ಲಿ ಎಷ್ಟು ವರ್ಷ ಉಳಿದೀತು? ಒಂದೊಂದು ಗುಂಡಿಯಿಂದ ಒಂದೊಂದು ಬೊಗಸೆ ಮಣ್ಣು ಎತ್ತಿ ಬಿಳಿ ಬಟ್ಟೆಯಲ್ಲಿ ಕಟ್ಟಿ ಅಂದರು ಸ್ವಾಮಿಯವರು. ಚೌರಮ್ಮನ ಮಗನ ಜಾಗದಲ್ಲೂ ಮಣ್ಣು, ಬೇರೆ ಮಣ್ಣಿನ ಹಾಗೇ ಇದ್ದ ಮಣ್ಣು.

ಮರಿಯಮ್ಮನ ಚಪ್ಪಡಿಯ ಕೆಳಗೆ ಮಾತ್ರ ಗುದ್ದಲಿಗೆ ಏನೋ ಠಣ್ಣೆಂದಿತು. ಪಾಪಯ್ಯ ಕೈ ಹಾಕಿ ತೆಗೆದ. ಅಂಗೈ ಉದ್ದದ ಹಳೇ ಔಷಧಿ ಸೀಸೆ, ಬಾಯಿಗೆ ಬಿರಡೆ, ಬಿರಡೆಯ ಮೇಲೆ ದಪ್ಪಗೆ ಮೇಣ. ಒಳಗೆ ಮುಕ್ಕಾಲು ಭಾಗ ನೀರು. ಇದೇನು ಅಂತ ಅವನು ಹೆಂಡತಿಯ ಮುಖ ನೋಡಿದ, ಅವನಿಗೂ ಗೊತ್ತಿರಲಿಲ್ಲ.

"ತೀರ್ಥ," ಅಂದಳು ಮರಿಯಮ್ಮ. "ಬಾಣಂತನ ಮುಗ್ಸಿ ಎದ್ದ ದಿನ ನಾನೇ ಬಂದು ಇಟ್ಟಿದ್ದು. ದೇವ್ರು ಯಾವತ್ತಾದ್ರೂ ಈ ಕಡೆ ಬಂದ್ರೆ ನೀರಿಲ್ಲ ಅನ್ನಂಗಾಗ್ಬಾರ್ದಲ್ಲ."

ಸ್ವಾಮಿಯವರು ಮುಖ ತಿರುಗಿಸಿಕೊಂಡರು. ಚೌರಮ್ಮ ಆ ಸೀಸೆಯನ್ನೇ ನೋಡಿದಳು. ದೇವರು ಗೋಡೆ ದಾಟಿ ಬರಬಹುದು ಅನ್ನುವ ಯೋಚನೆ ಮೂವತ್ತೆಂಟು ವರ್ಷದಲ್ಲಿ ಒಂದೇ ಒಂದು ಸಲವೂ ಅವಳ ತಲೆಗೆ ಹೊಳೆದಿರಲಿಲ್ಲ. ಓದು ಬರಹ ಬಾರದ ಮರಿಯಮ್ಮನಿಗೆ ಹೊಳೆದಿತ್ತು.

ಗೋಡೆಯೊಳಗೆ, ದೊಡ್ಡ ಶಿಲುಬೆಯ ಪಕ್ಕದಲ್ಲಿ ಹನ್ನೆರಡು ಪುಟ್ಟ ಗುಂಡಿ ತೋಡಿದ್ದರು. ಗಂಟುಗಳನ್ನು ಇಳಿಸಿ ಮಣ್ಣು ಎಳೆದಾಯಿತು. ಚರ್ಚಿನ ಗಂಟೆಯನ್ನು ನಿಧಾನಕ್ಕೆ, ಒಂದೊಂದೇ ಏಟು ಹೊಡೆದರು. ಪ್ರಾರ್ಥನೆಯ ನಡುವೆ ಸ್ವಾಮಿಯವರು ನಿಲ್ಲಿಸಿ, "ಈ ಮಕ್ಕಳಿಗೆ ಹೆಸರಿಲ್ಲ ಅಂತ ಗೊತ್ತು. ಈಗ ಇಡೋಣ. ಒಬ್ಬೊಬ್ಬರೇ ನಿಮಗೆ ತೋಚಿದ ಹೆಸರು ಹೇಳಿ," ಅಂದರು.

ಯಾರಿಗೂ ಹೊಸದಾಗಿ ತೋಚಬೇಕಾದ ಅಗತ್ಯವೇ ಬೀಳಲಿಲ್ಲ. "ಜೋಸೆಪ್ಪ," ಅಂದಳು ಒಬ್ಬಳು, ತಡಮಾಡದೆ. "ನಮ್ಮಕ್ಕ ಇದನ್ನ ಲೂರ್ದು ಅಂತಿದ್ಲು ಸ್ವಾಮಿ," ಅಂದಳು ಇನ್ನೊಬ್ಬಳು. ತೆರೇಜ, ಅರುಳಪ್ಪ, ಸಂತಾನ. ಹೆಸರುಗಳು ಬರುತ್ತಲೇ ಹೋದವು. ಎಲ್ಲ ಬಳಸಿ ಬಳಸಿ ನುಣುಪಾದ ಹೆಸರುಗಳು. ಹಿಟ್ಟು ಬೀಸುವಾಗ, ನೀರು ಸೇದುವಾಗ ಈ ಹೆಂಗಸರು ಅವನ್ನು ಒಳಗೊಳಗೇ ಕರೆದುಕೊಂಡಿದ್ದರು. ಪಾಪ ಅಂತ ಅವರಿಗೂ ಹೇಳಿಯೇ ಇತ್ತು. ಅವರು ಕೇಳಿರಲಿಲ್ಲ.

"ರೋಸಮ್ಮ," ಅಂದಳು ಮರಿಯಮ್ಮ. ಹಲ್ಲಿನಿಂದ ಬಿರಡೆ ಕಿತ್ತು, ಅರ್ಧ ಸೀಸೆಯನ್ನು ಮಗಳ ಮಣ್ಣಿನ ಮೇಲೆ ಸುರಿದಳು.

ಉಳಿದದ್ದು ಕೊನೆಯದು. ಸ್ವಾಮಿಯವರು ಚೌರಮ್ಮನ ಕಡೆ ನೋಡಿದರು. ಎಲ್ಲರೂ ನೋಡಿದರು.

ಅವಳು ಬಾಯಿ ತೆರೆದಳು. ಒಳಗೆ ಏನೂ ಇರಲಿಲ್ಲ. ಊರಿನ ಅರ್ಧ ಜನಕ್ಕೆ ಮೊದಲ ಸಲ ಹೆಸರು ಹಿಡಿದು ಕೂಗಿದವಳು ಅವಳು, ಸಂತರ ಪಟ್ಟಿ ಬಾಯಿಪಾಠ ಇದ್ದವಳು. ಯಾವುದೋ ಒಂದನ್ನು ಹೇಳಿದ್ದರೂ ನಡೆಯುತ್ತಿತ್ತು. ಆದರೆ ಅವನಿಗೊಂದು ಹೆಸರು ಇತ್ತು. ಜಗಲಿಯಲ್ಲಿ ಕೂತಿದ್ದ ಚಿನ್ನಪ್ಪನ ಬಾಯಲ್ಲಿ ಇತ್ತು. ಅವಳ ಅಂಗೈಗೆ ಅವನ ತುಟಿ ಆಡಿದ್ದು ತಗುಲಿತ್ತು, ಶಬ್ದ ಮಾತ್ರ ಆಚೆ ಬರಲು ಅವಳು ಬಿಟ್ಟಿರಲಿಲ್ಲ. ಚಿನ್ನಪ್ಪ ಸತ್ತು ಒಂಬತ್ತು ವರ್ಷವಾಗಿತ್ತು, ನಾಲ್ಕು ಹೆಜ್ಜೆ ಆಚೆ ಮಲಗಿದ್ದ.

"ನಂಗೆ ಗೊತ್ತಿಲ್ಲ ಸ್ವಾಮಿ."

"ಪರವಾಗಿಲ್ಲಮ್ಮ," ಅಂದರು ಸ್ವಾಮಿಯವರು ಮೆತ್ತಗೆ. "ದೇವರಿಗೆ ಗೊತ್ತಿರುತ್ತೆ."

"ದೇವ್ರಿಗೆ ಗೊತ್ತೈತೆ. ಅವರಪ್ಪಂಗೂ ಗೊತ್ತಿತ್ತು. ನಂಗೊಬ್ಬಳಿಗೇ ಗೊತ್ತಿಲ್ಲ."

ಮರಿಯಮ್ಮ ತನ್ನ ಮಗಳ ಪಕ್ಕದಿಂದ ಎದ್ದು ಬಂದು, ಹೆಸರಿಲ್ಲದ ಆ ಗುಡ್ಡೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಚೌರಮ್ಮನ ಮುಖ ನೋಡಲಿಲ್ಲ. ಸೀಸೆ ಬಗ್ಗಿಸಿ ಉಳಿದ ನೀರನ್ನೆಲ್ಲ ಅದರ ಮೇಲೆ ಹೊಯ್ದಳು, ಕೊನೆಯ ಹನಿಗಾಗಿ ತಳಕ್ಕೆ ಎರಡು ಸಲ ತಟ್ಟಿದಳು. ಅಷ್ಟೇ ಕೆಲಸ. ಒಂದು ಉಸಿರಿನಷ್ಟು ಹೊತ್ತೂ ಹಿಡಿಯಲಿಲ್ಲ.

ಚೌರಮ್ಮ ನೋಡುತ್ತಾ ನಿಂತಿದ್ದಳು. ಅವಳ ಬಲಗೈ ಸೊಂಟದ ಪಕ್ಕದಲ್ಲಿ ಚೊಂಬಿನ ಮೇಲಿನ ತಟ್ಟೆ ಎತ್ತುವ ಹಾಗೆ ಎರಡು ಸಲ ಆಡಿತು, ಅದು ಅವಳ ಗಮನಕ್ಕೆ ಬರಲಿಲ್ಲ. ನೀರು ಇಂಗಿ ಮಣ್ಣು ಸ್ವಲ್ಪ ಕಪ್ಪಾಯಿತು, ಬಿಸಿಲಿಗೆ ಆರತೊಡಗಿತು. ಗೋಡೆಯಾಚೆ ಕೃಷ್ಣಪ್ಪ ಚಪ್ಪಲಿ ಮೆಟ್ಟಿಕೊಂಡು, ಇನ್ನು ಇವತ್ತೇ ಶುರು ಮಾಡಲಾ ಅಂತ ಪಾಪಯ್ಯನನ್ನು ಕೇಳುತ್ತಿದ್ದ.